ನಲ್ಲಿಯ ಕಣ್ಣು ನೋಡುವ ದಿಕ್ಕು

ಶಿರಸಿ

ಪ್ರೀತಿಯ ಗೆಳೆಯಾ,

ಕಾರವಾರದ ಹೊಸ ಮನೆಯ ಅಡುಗೆಮನೆಗೆ ಮುಟ್ಟದೆಯೇ ನೀರು ಬಿಡುವ ಸೆನ್ಸಾರ್ ನಲ್ಲಿಯನ್ನು ಹಾಕಿಸಬಹುದೇ ಎಂದು ನೀನು ಕೇಳಿದ್ದೆ. ನಮ್ಮಲ್ಲಿ ಅದನ್ನು ಕೂಡಿಸಿ ಎರಡು ಮಳೆಗಾಲ ಕಳೆದಿರುವುದರಿಂದ, ಫೋನಿನಲ್ಲಿ ಹೌದು ಅಲ್ಲ ಎಂದು ಮುಗಿಸದೆ ಸಾವಕಾಶವಾಗಿ ಬರೆಯುತ್ತಿದ್ದೇನೆ. ಖಂಡಿತ ಹಾಕಿಸು, ಆದರೆ ಅದರ ಕಣ್ಣು ಯಾವ ಕಡೆಗೆ ನೋಡುತ್ತದೆ ಎಂಬುದನ್ನು ಮೊದಲು ತಿಳಿದುಕೊಂಡು ಹಾಕಿಸು.

ನಾವು ತಂದದ್ದು ಆಯಿಗಾಗಿ. ಸಂಧಿವಾತದಿಂದ ಗಂಟು ಕಟ್ಟಿದ ಅವಳ ಬೆರಳುಗಳಿಗೆ ಬೆಳಗಿನ ಹೊತ್ತು ಹಳೆಯ ತಿರುಪಿನ ನಲ್ಲಿಯನ್ನು ತಿರುಗಿಸಲು ಆಗುತ್ತಿರಲಿಲ್ಲ. ಹಲಸಿನ ಕಾಲದಲ್ಲಂತೂ, ಕೊಬ್ಬರಿ ಎಣ್ಣೆ ಸವರಿಕೊಂಡು ತೊಳೆ ಬಿಡಿಸಿದರೂ ಕೈಗೆ ಮೆತ್ತುವ ಮೇಣವು ಅದೇ ಕೈಯಿಂದ ನಲ್ಲಿಯ ಹಿಡಿಕೆಗೂ ಅಂಟಿ, ಅದನ್ನು ಸೀಮೆಎಣ್ಣೆಯ ಬಟ್ಟೆಯಿಂದ ಒರೆಸುವುದೇ ಪ್ರತ್ಯೇಕ ಕೆಲಸವಾಗುತ್ತಿತ್ತು. ಈಗ ಅವಳು ಕಣ್ಣಿನ ಎದುರಿಗೆ ಕೈ ಆಡಿಸಿದರೆ ಸಾಕು, ನೀರು ಬರುತ್ತದೆ. ಇದೊಂದಕ್ಕಾಗಿ ಉಳಿದ ತೊಂದರೆಗಳನ್ನೆಲ್ಲ ನಾನು ಸಂತೋಷದಿಂದ ಸಹಿಸಿದ್ದೇನೆ.

ತೊಂದರೆಗಳೆಲ್ಲ ಹುಟ್ಟುವುದು ಕಣ್ಣಿನಲ್ಲಿ. ನಲ್ಲಿಯ ಮೂತಿಯ ಬಳಿ ಇರುವ ಕಪ್ಪು ಗಾಜಿನ ಚುಕ್ಕೆಯಿಂದ ನಮ್ಮ ಕಣ್ಣಿಗೆ ಕಾಣದ ಅವಕೆಂಪು (ಇನ್‌ಫ್ರಾರೆಡ್) ಬೆಳಕು ಹೊರಡುತ್ತದೆ. ಎದುರಿಗಿದ್ದ ವಸ್ತುವಿಗೆ ತಾಗಿ ಅದು ಸಾಕಷ್ಟು ಹಿಂದಿರುಗಿದರೆ ಒಳಗಿನ, ವಿದ್ಯುತ್ತಿನಿಂದ ತೆರೆದು ಮುಚ್ಚುವ ಸೊಲೆನಾಯ್ಡ್ ವಾಲ್ವ್ 'ಟಿಕ್' ಎಂದು ತೆರೆದುಕೊಳ್ಳುತ್ತದೆ. ಅದಕ್ಕೆ ಕೈ ಯಾವುದು, ಪಾತ್ರೆ ಯಾವುದು ಎಂಬ ಭೇದ ಗೊತ್ತಿಲ್ಲ, ಹಿಂದಿರುಗಿದ ಬೆಳಕು ಎಷ್ಟೆಂಬುದಷ್ಟೇ ಗೊತ್ತು. ಹೀಗಾಗಿ ಬಚ್ಚಲ ಒಲೆಯ ಮೇಲಿನ ಮಸಿ ಹಿಡಿದ ಪಾತ್ರೆಯನ್ನು ಕೆಳಗೆ ಹಿಡಿದರೆ, ಮಸಿಯು ಬೆಳಕನ್ನೆಲ್ಲ ನುಂಗುವುದರಿಂದ, ನಲ್ಲಿ ಸುಮ್ಮನಿರುತ್ತದೆ. ಹುಳಿಪುಡಿ ಹಾಕಿ ತಿಕ್ಕಿದ ಸ್ಟೀಲ್ ತಪ್ಪಲೆಯನ್ನು ಒಂದು ಮೊಳ ದೂರದಲ್ಲಿಟ್ಟರೂ ಸುರಿಯತೊಡಗುತ್ತದೆ.

ಮೊದಲ ವರ್ಷದ ಏಪ್ರಿಲ್‌ನಲ್ಲಿ, ಗುಡ್ಡದ ಝರಿಯಾದ ಅಬ್ಬಿಯ ನೀರು ಕಿರುಬೆರಳಿನಷ್ಟು ಸಣ್ಣಗಾಗಿದ್ದಾಗ, ಆಯಿ ಅಂಥದೊಂದು ತಪ್ಪಲೆಯನ್ನು ಸಿಂಕಿನ ಅಂಚಿಗೆ ಒರಗಿಸಿ ತೋಟಕ್ಕೆ ಇಳಿದಿದ್ದಳು. ನಲ್ಲಿ ಒಂದಷ್ಟು ಹೊತ್ತು ಹರಿದು ತಾನಾಗಿ ನಿಂತಿತಾದರೂ, ತಪ್ಪಲೆ ಸ್ವಲ್ಪ ಅಲುಗಿದ್ದರಿಂದ ಮತ್ತೆ ತೆರೆದುಕೊಂಡು, ಮತ್ತೆ ನಿಂತು, ಅವಳು ಮರಳುವಷ್ಟರಲ್ಲಿ ರಾತ್ರಿಯಿಡೀ ತುಂಬಿದ್ದ ಟ್ಯಾಂಕಿನ ಅರ್ಧ ನೀರು ಬಚ್ಚಲಿನ ಹಾದಿ ಹಿಡಿದಿತ್ತು. ಅವಳು ಯಾರನ್ನೂ ಬೈಯಲಿಲ್ಲ, ಮೂರು ದಿನ ಬಾವಿಯಿಂದಲೇ ನೀರು ಸೇದಿ ಅಡುಗೆ ಮಾಡಿದಳು. ಅದು ನನಗೆ ಇವತ್ತಿಗೂ ನೋವಿನ ಸಂಗತಿ.

ದೋಷ ಕೂಡಿಸಿದ ರೀತಿಯಲ್ಲಿತ್ತು. ಕಣ್ಣು ನೇರವಾಗಿ ಸಿಂಕಿನ ಒಳಗೇ ನೋಡುತ್ತಿತ್ತು. ಮರುವಾರವೇ ಬುಡದ ಪಕ್ಕದಲ್ಲಿ ಕಣ್ಣಿರುವ ನಲ್ಲಿಗೆ ಬದಲಾಯಿಸಿ, ಅದು ಗೋಡೆಯ ಕಡೆಗಿನ ಖಾಲಿ ಜಾಗವನ್ನು ನೋಡುವಂತೆ ಮಾಡಿದೆವು. ಈಗ ಬೇಕೆಂದೇ ಕೈ ಆಡಿಸಿದರೆ ಮಾತ್ರ ನೀರು. ಸೆಲ್ ಹಾಕಿದೊಡನೆ ಅದು ಎದುರಿಗಿನದನ್ನು ಅಳೆದು ತನ್ನ ದೂರವನ್ನು ಹೊಂದಿಸಿಕೊಳ್ಳುತ್ತದೆ, ಆದ್ದರಿಂದ ಆ ಹೊತ್ತಿನಲ್ಲಿ ಸಿಂಕು ಬರಿದಾಗಿರಲಿ, ನೀನೂ ಎರಡು ಹೆಜ್ಜೆ ದೂರ ನಿಲ್ಲು. ಮಳೆಗಾಲದ ಥಂಡಿಗೆ ಗಾಜಿನ ಮೇಲೆ ಹನಿ ಕೂತರೂ ಅದು ದಾರಿ ತಪ್ಪುತ್ತದೆ. ಒಣಬಟ್ಟೆಯಿಂದ ಒರೆಸಿದರೆ ಸರಿಯಾಗುತ್ತದೆ.

ಇನ್ನು ಒತ್ತಡದ ವಿಷಯ. ನಮ್ಮ ನಲ್ಲಿಗೆ ಕನಿಷ್ಠ 0.5 ಬಾರ್ ಬೇಕು, ಅಂದರೆ ಟ್ಯಾಂಕಿನ ನೀರು ನಲ್ಲಿಗಿಂತ ಸುಮಾರು 5 ಮೀಟರ್ ಎತ್ತರದಲ್ಲಿರಬೇಕು. ನಮ್ಮ ಟ್ಯಾಂಕು ಹಿಂದಿನ ದಿಬ್ಬದ ಮೇಲಿದೆ, ಅಡ್ಡಿಯಿಲ್ಲ. ನಿನ್ನದು ಒಂದೇ ಅಂತಸ್ತಿನ ತಾರಸಿಯಾದರೆ ಕಬ್ಬಿಣದ ಸ್ಟ್ಯಾಂಡು ಬೇಕಾದೀತು. ವಾಲ್ವಿಗೆ ತೆರೆಯುವ ಮತ್ತು ಮುಚ್ಚುವ ಕ್ಷಣದಲ್ಲಿ ಮಾತ್ರ ವಿದ್ಯುತ್ತು ಸಾಕಾಗುವುದರಿಂದ 1.5 ವೋಲ್ಟಿನ 4 ಸೆಲ್ಲುಗಳು ಬಹುಕಾಲ ಬರುತ್ತವೆ. ಕರೆಂಟು ಹೋದರೆ ಚಿಂತೆಯಿಲ್ಲ. ಆದರೆ ನಿಮ್ಮ ಕಡಲ ಗಾಳಿಗೆ ಸೆಲ್ ಪೆಟ್ಟಿಗೆಯ ತಗಡಿಗೆ ಕಿಲುಬು ಹಿಡಿಯುತ್ತದೆ, ಆಗಾಗ ತೆರೆದು ನೋಡು. ಮೊದಲ ಮಳೆಯ ಕೆಂಪು ರಾಡಿ ಒಳಜಾಲರಿಗೆ ಕೂತರೆ ನೀರಿನ ಹರಿವು ಸಣ್ಣಗಾಗುತ್ತದೆ. ಜಾಲರಿ ಬಿಚ್ಚಿ ತೊಳೆಯಲು ಪ್ಲಂಬರ್ ಬೇಕಿಲ್ಲ. ಕೈಯಿಂದ ತಿರುಗಿಸುವ ಹಿಡಿಕೆಯೂ ಇರುವಂಥ ನಲ್ಲಿಯನ್ನೇ ಕೊಳ್ಳು.

ಅಂಗಡಿಗೆ ಹೋಗುವಾಗ ಮನೆಯ ಫಳಫಳಿಸುವ ತಪ್ಪಲೆಯೊಂದನ್ನೂ ಹಳೆಯ ದೋಸೆ ಕಾವಲಿಯನ್ನೂ ಚೀಲದಲ್ಲಿ ಹಾಕಿಕೊಂಡು ಹೋಗು. ಅಲ್ಲಿ ನೀರಿನ ಸಂಪರ್ಕ ಇಲ್ಲದಿದ್ದರೂ ನಲ್ಲಿಗೆ ಸೆಲ್ ಹಾಕಿಸಿ, ಎರಡನ್ನೂ ಒಂದಾದ ಮೇಲೊಂದರಂತೆ ಎದುರಿಗೆ ಹಿಡಿದು, ಕಿವಿಗೊಟ್ಟು 'ಟಿಕ್' ಸದ್ದನ್ನು ಕೇಳು. ಯಾವುದಕ್ಕೆ ಎಷ್ಟು ದೂರದಲ್ಲಿ ಸದ್ದಾಯಿತೆಂದು ನನಗೆ ಬರೆ.

ನಿನ್ನ ಗೆಳೆಯ