ಕನ್ನಡಕದೊಳಗೆ ಕ್ಯಾಮೆರಾ, ನಮ್ಮ ಒಪ್ಪಿಗೆ ಎಲ್ಲಿ?

ಸಂಪಾದಕರೇ,

ದೇವರಾಜ ಮಾರುಕಟ್ಟೆಯಲ್ಲಿ ಯಾರಾದರೂ ಮೊಬೈಲ್ ಎತ್ತಿ ಹಿಡಿದರೆ ಹೂವು ಕಟ್ಟುವ ಹೆಂಗಸರು ಮುಖ ತಿರುಗಿಸಿಕೊಳ್ಳುತ್ತಾರೆ, ಇಲ್ಲವೇ ‘ಫೋಟೊ ಬೇಡಪ್ಪ’ ಅಂತಾರೆ. ಈಗ ಬಂದಿರುವ ಸ್ಮಾರ್ಟ್ ಕನ್ನಡಕಗಳಂತೆ ಕ್ಯಾಮೆರಾ ಕನ್ನಡಕದೊಳಗೇ ಇದ್ದರೆ ಬೇಡ ಅನ್ನುವುದು ಯಾರಿಗೆ? ರೆಕಾರ್ಡ್ ಆಗುವಾಗ ಫ್ರೇಮಿನಲ್ಲಿ ಸಣ್ಣ ದೀಪ ಉರಿಯುತ್ತದಂತೆ. ಮಧ್ಯಾಹ್ನದ ಬಿಸಿಲಲ್ಲಿ ಅದು ಯಾರ ಕಣ್ಣಿಗೆ ಬೀಳುತ್ತದೆ?

2024ರಲ್ಲಿ ಹಾರ್ವರ್ಡ್‌ನ ಇಬ್ಬರು ವಿದ್ಯಾರ್ಥಿಗಳು ಇಂಥ ಕನ್ನಡಕಕ್ಕೆ ಮುಖ ಗುರುತಿಸುವ ಸಾಫ್ಟ್‌ವೇರ್ ಜೋಡಿಸಿ, ದಾರಿಯಲ್ಲಿ ಸಿಕ್ಕ ಅಪರಿಚಿತರ ಹೆಸರು, ಕೆಲವರ ಮನೆ ವಿಳಾಸವನ್ನೂ ಹುಡುಕಿ ತೋರಿಸಿದ್ದರು, ಜನರನ್ನು ಎಚ್ಚರಿಸಲೆಂದೇ. ನಾಳೆ ಆಗ್ಮೆಂಟೆಡ್ ರಿಯಾಲಿಟಿ (ಎದುರಿನ ದೃಶ್ಯದ ಮೇಲೆಯೇ ಮಾಹಿತಿ ತೋರಿಸುವ) ಕನ್ನಡಕದಲ್ಲಿ ಆ ವಿವರ ಕಣ್ಣೆದುರೇ ಮೂಡಬಹುದು, ಅಲ್ವಾ? ನಮ್ಮ 2023ರ ಡೇಟಾ ರಕ್ಷಣೆ ಕಾಯ್ದೆಯೋ, ವ್ಯಕ್ತಿಯೊಬ್ಬ ಇನ್ನೊಬ್ಬರ ಮಾಹಿತಿಯನ್ನು ಸ್ವಂತಕ್ಕೆ ಬಳಸಿದರೆ ಅನ್ವಯವೇ ಆಗುವುದಿಲ್ಲ. ಹಾಸ್ಟೆಲ್, ಆಸ್ಪತ್ರೆಗಳಲ್ಲಾದರೂ ಈ ಕನ್ನಡಕಗಳನ್ನು ಹೊರಗೇ ತೆಗೆದಿಡುವ ನಿಯಮ ದಸರಾಗೆ ಮೊದಲೇ ಬರಲಿ.

– ಓದುಗ, ಮೈಸೂರು