ನವನಗರದ ಮನೆ ಮಾರುವುದು ಬೇಡ

ಸ್ಟುಟ್‌ಗಾರ್ಟ್, ಜರ್ಮನಿ

ತೀರ್ಥರೂಪ ಅಪ್ಪನವರಿಗೆ ನಿಮ್ಮ ಮಗಳ ನಮಸ್ಕಾರಗಳು. ಅವ್ವನಿಗೂ ಓದಿ ಹೇಳಿ.

ನಾವಿಲ್ಲಿ ಆರಾಮ. ಫೋನಿನಲ್ಲಿ ಅರ್ಧ ಮಾತು ಉಳಿದೇ ಹೋಗುತ್ತವೆ, ಅದಕ್ಕೇ ಬರೆಯುತ್ತಿದ್ದೇನೆ. ನೀವಿಬ್ಬರೂ ಹುಬ್ಬಳ್ಳಿಗೆ ಅಣ್ಣನ ಹತ್ತಿರ ಹೋಗುವುದು ನನಗೆ ಖುಷಿ. ಅವ್ವನ ಮೊಣಕಾಲಿಗೆ ಆ ಮೆಟ್ಟಿಲು ಇನ್ನು ಆಗುವುದಿಲ್ಲ. ಆದರೆ ಮನೆ ಮಾರಬೇಡಿ ಅಪ್ಪಾ. ಹಳೇ ಬಾಗಲಕೋಟೆಯ ಮನೆ ಆಲಮಟ್ಟಿ ಹಿನ್ನೀರಿಗೆ ಹೋಯಿತು. ಅದು ನಮ್ಮ ಕೈಯಲ್ಲಿ ಇರಲಿಲ್ಲ. ಇದು ಇದೆ. ಪರಿಹಾರದ ದುಡ್ಡಿಗೆ ಅವ್ವನ ಪಾಟ್ಲಿ ಮಾರಿದ ದುಡ್ಡು ಸೇರಿಸಿ ನೀವೇ ನಿಂತು ಕಟ್ಟಿಸಿದ ಮೊದಲ ಮನೆ.

ಬಾಡಿಗೆಗೆ ಕೊಡೋಣ. ಒಂದೆರಡು ವರ್ಷಕ್ಕಲ್ಲ, ನಿಮ್ಮಿಬ್ಬರ ಖರ್ಚಿಗೆ ತಿಂಗಳಾ ತಿಂಗಳಾ ಬರುತ್ತಲೇ ಇರುವ ಹಾಗೆ. ಮೆಡಿಕಲ್ ಕಾಲೇಜು, ತೋಟಗಾರಿಕೆ ವಿಶ್ವವಿದ್ಯಾಲಯ ಎಲ್ಲ ನವನಗರದಲ್ಲೇ ಇವೆ. ವರ್ಗವಾಗಿ ಬಂದವರಿಗೆ ಮನೆ ಬೇಕೇ ಬೇಕು.

ಅಣ್ಣ ಲೀಸಿಗೆ ಹಾಕೋಣ ಅಂತಾನೆ. ಒಮ್ಮೆಲೇ ಗಂಟು ಸಿಗುತ್ತದೆ, ನಿಜ. ಆದರೆ ಅದು ನಮ್ಮ ಗಂಟಲ್ಲ. ಅವರು ಮನೆ ಬಿಟ್ಟ ದಿನ ಪೂರ್ತಿ ಎಣಿಸಿ ಕೊಡಬೇಕು. ಮಾಮಾ ಅಂಥದ್ದೇ ಲೀಸಿನ ದುಡ್ಡನ್ನು ಮದುವೆಗೆ ಖರ್ಚು ಮಾಡಿ, ಕೊನೆಗೆ ಸಾಲ ಮಾಡಿ ತೀರಿಸಿದ್ದು ನೆನಪಿದೆ ಅಲ್ವಾ?

ಮನೆ ನನ್ನ ಹೆಸರಿಗೆ ಮಾಡಿಸುತ್ತೇನೆ ಅಂದಿರಿ. ಫೋನ್ ಇಟ್ಟ ಮೇಲೆ ತುಂಬಾ ಹೊತ್ತು ಸುಮ್ನೆ ಕೂತಿದ್ದೆ. ಆದರೂ ಬೇಡ. ಮಾಲೀಕರು ವಿದೇಶದಲ್ಲಿದ್ದರೆ ಬಾಡಿಗೆದಾರರೇ ಬಾಡಿಗೆಯಲ್ಲಿ ಶೇ 30ಕ್ಕಿಂತ ಜಾಸ್ತಿ ತೆರಿಗೆ (ಟಿಡಿಎಸ್) ಹಿಡಿದು ಸರ್ಕಾರಕ್ಕೆ ಕಟ್ಟಬೇಕು. ಆ ತಾಪತ್ರಯ ಇರುವ ಮನೆಗೆ ಯಾರು ಬರುತ್ತಾರೆ? ಮನೆಯ ದಾಖಲೆಯಲ್ಲಿ, ಉತಾರದಲ್ಲಿ, ನಿಮ್ಮ ಹೆಸರೇ ಇರಲಿ. ತೆರಿಗೆಗೆ ಹೆದರಬೇಡಿ. ಬಾಡಿಗೆಯಲ್ಲಿ ನೀವು ತುಂಬಿದ ಮನೆಕರ ಕಳೆದು, ಉಳಿದದ್ದರಲ್ಲೂ ಶೇ 30 ಬಿಟ್ಟು ಆದಾಯ ಲೆಕ್ಕ ಹಾಕುತ್ತಾರೆ. ರಿಪೇರಿಯ ರಸೀದಿ ಕೇಳುವುದಿಲ್ಲ. ಹಾಗಂತ ರಿಪೇರಿ ಬಿಡಬೇಡಿ. ವರ್ಷಕ್ಕೆ ಒಂದು ತಿಂಗಳ ಬಾಡಿಗೆ ಮುಟ್ಟದೆ ಬೇರೆ ಇಡಿ. ಮಾಳಿಗೆ ಸೋರುವುದು, ಮೋಟರ್ ಸುಡುವುದು ಹೇಳಿ ಕೇಳಿ ಬರುವುದಿಲ್ಲ.

ಕರಾರು ಪತ್ರ 11 ತಿಂಗಳಿಗೆ ಬರೆಸಿ. ವರ್ಷ ಮೀರಿದರೆ ನೋಂದಣಿ ಮಾಡಿಸಲೇಬೇಕು. ಒಳ್ಳೆಯವರು ಸಿಕ್ಕರೆ ಅವರಿಗೇ ಮತ್ತೆ ಮತ್ತೆ ಬರೆದುಕೊಡಿ. ಐನೂರು ರೂಪಾಯಿ ಜಾಸ್ತಿ ಸಿಗುತ್ತದೆ ಅಂತ ಅವರನ್ನು ಬಿಡಿಸಬೇಡಿ. ಮನೆ ಎರಡು ತಿಂಗಳು ಖಾಲಿ ಬಿದ್ದರೆ ಆ ಲಾಭ ಅಲ್ಲಿಗೇ ಹೋಯಿತು.

ನಾವು ಇಲ್ಲಿ ಬಾಡಿಗೆಗೆ ಬಂದ ದಿನ ಮಾಲೀಕರು ನಮ್ಮ ಜೊತೆ ಒಂದೊಂದೇ ಕೋಣೆ ನೋಡಿದರು. ಗೋಡೆಯ ಗೀರು, ಕೀಲಿಕೈ ಎಷ್ಟು, ಮೀಟರಿನ ಅಂಕಿ, ಎಲ್ಲ ಬರೆದು ಇಬ್ಬರೂ ಸಹಿ ಹಾಕಿದೆವು. ಈ ದೇಶದಲ್ಲಿ ಅಡ್ವಾನ್ಸ್ ಮೂರು ತಿಂಗಳ ಬಾಡಿಗೆಗಿಂತ ಜಾಸ್ತಿ ಕೇಳುವಂತಿಲ್ಲ. ಅದನ್ನೂ ಮಾಲೀಕರು ತಮ್ಮ ದುಡ್ಡಿನಲ್ಲಿ ಬೆರೆಸುವಂತಿಲ್ಲ. ನಾವೂ ಹಾಗೇ ಮಾಡೋಣ. ಹೆಸ್ಕಾಂ ಕರೆಂಟ್ ಮೀಟರಿನ ಫೋಟೋ ಅಣ್ಣ ತೆಗೆದಿಡಲಿ.

ಇನ್ನೊಂದು. ಹಳೇ ಮನೆಯಿಂದ ಕಿತ್ತು ತಂದು ಕೂರಿಸಿದ ತಲಬಾಗಿಲಿಗೆ ಬಣ್ಣ ಹೊಡೆಯಬಾರದು, ಮೊಳೆ ಬಡಿಯಬಾರದು ಅಂತ ಕರಾರಿನಲ್ಲೇ ಬರೆಸಿ. ಮಳೆಗಾಲದಲ್ಲಿ ಅದು ಊದಿಕೊಂಡಾಗ ಒದೆಯಬಾರದು. ಚಿಲಕ ಹಿಡಿದು ಒಂದಿಷ್ಟು ಮೇಲೆತ್ತಿ ತಳ್ಳಬೇಕು. ಬಂದವರಿಗೆ ಅದನ್ನು ನೀವೇ ಒಮ್ಮೆ ಮಾಡಿ ತೋರಿಸಿ.

ನಿಮ್ಮ ಮಗಳು