ನಿನ್ನ ಕಥೆಯ ವಯೊಲಿನ್ ಬಗ್ಗೆ

ಪ್ರಿಯ ಗೆಳೆಯಾ,

ನಿನ್ನ ಕಥೆ ಬಂದು ಮೂರು ವಾರ ಆಯ್ತು. ಕಥೆಯನ್ನು ಎರಡು ಸಲ ಓದಿದೆ, ಜೊತೆಗಿದ್ದ ಪತ್ರವನ್ನು ನಾಲ್ಕು ಸಲ. ನಿಜ ಹೇಳಬೇಕೆಂದರೆ ಪತ್ರವೇ ಚೆನ್ನಾಗಿದೆ. ಪಾತ್ರೆ ತೊಳೆಯುವಾಗ, ಬಸ್ಸಿಗೆ ಕಾಯುವಾಗ ತಲೆಯೊಳಗೆ ಸಿನಿಮಾದ ಹಿನ್ನೆಲೆ ಸಂಗೀತದ ಹಾಗೆ ಒಂದು ಬಿಜಿಎಂ ಓಡುತ್ತಾ ಇರುತ್ತದಂತೆ. ಅದನ್ನು ತೆಗೆದುಬಿಟ್ಟರೆ ನಿನ್ನ ಬದುಕಿನಲ್ಲಿ ಬರೆಯುವಂಥದ್ದು ಏನೂ ಇಲ್ಲವಂತೆ. ಕಥೆ ಸ್ಪರ್ಧೆಯಿಂದ ವಾಪಸ್ ಬಂತು, ಇನ್ನು ಬರೆಯಲ್ಲ ಅಂದಿದ್ದೀಯ. ಬರೆಯಲ್ಲ ಅನ್ನುವುದನ್ನೇ ಐದು ಪುಟ ಬರೆದವನನ್ನು ನಾನು ನಂಬುವುದಿಲ್ಲ.

ಯಾವ ಪ್ರಕಾಶಕರು, ಮುನ್ನುಡಿ ಯಾರ ಹತ್ತಿರ ಬರೆಸಲಿ ಅಂತೆಲ್ಲ ಕೇಳಿದ್ದೀಯ. ಅದನ್ನು ಹೇಳಲಿಕ್ಕೆ ಬೇಕಾದಷ್ಟು ಜನ ಇದ್ದಾರೆ. ನನ್ನ ತಕರಾರು ವಯೊಲಿನ್ ಬಗ್ಗೆ.

ಹನ್ನೊಂದು ಪುಟದಲ್ಲಿ ಏಳು ಸಲ ಅದು ಬರುತ್ತದೆ. ‘ಎಲ್ಲೋ ದೂರದಲ್ಲಿ ವಯೊಲಿನ್ ನುಡಿದಂತಾಯಿತು.’ ಅಪ್ಪನನ್ನು ಐಸಿಯುಗೆ ಸೇರಿಸಿದ ಮೇಲೆ ಕೊಳಲು ಬೇರೆ. ಅಲ್ಲಿ ಕೊಳಲು ಊದುವವನು ಯಾರು ಮಾರಾಯ? ನರ್ಸ್ ಸುಮ್ನೆ ಬಿಡ್ತಾಳಾ?

ಬೇಜಾರು ಮಾಡ್ಕೋಬೇಡ. ಈ ಹುಚ್ಚು ನನಗೂ ಇತ್ತು. ಕಿವಿಗೆ ಹಾಕಿಕೊಂಡು ಕ್ಯಾಸೆಟ್ ಕೇಳುವ ವಾಕ್‌ಮನ್ ಅನ್ನು ಸೋನಿಯವರು ತಂದದ್ದು 1979ರಲ್ಲಿ. ನಮ್ಮೂರಿಗೆ ಅದು ಬಂದದ್ದು ಆಮೇಲೆ, ಗಲ್ಫಿನಿಂದ ರಜೆಗೆ ಬರುವವರ ಸೂಟ್‌ಕೇಸಿನಲ್ಲಿ. ಅಣ್ಣ ತಂದ ವಾಕ್‌ಮನ್ ಹಾಕಿಕೊಂಡು ಮಳೆಗಾಲದಲ್ಲಿ ಬಸ್ಸಿನಲ್ಲಿ ಆಗುಂಬೆ ಘಾಟಿ ಹತ್ತಿದ್ದೆ. ಕಿವಿಯಲ್ಲಿ ರಾಜನ್-ನಾಗೇಂದ್ರರ ಸಿನಿಮಾ ಹಾಡು. ಕಿಟಕಿಯ ಟಾರ್ಪಾಲಿನಿಂದ ನೀರು ಸೋರಿ ತೊಡೆ ಒದ್ದೆಯಾಗುತ್ತಿತ್ತು. ಪಕ್ಕದಲ್ಲಿ ಒಬ್ಬಳು ಹೆಂಗಸು ಮಗುವಿಗೆ ಏನೋ ಹೇಳುತ್ತಿದ್ದಳು. ಅವಳ ಬಾಯಿ ಅಲ್ಲಾಡುವುದು ಕಾಣುತ್ತಿತ್ತು, ಮಾತು ಕೇಳುತ್ತಿರಲಿಲ್ಲ. ಜಗತ್ತೆಲ್ಲ ನನ್ನ ಸಿನಿಮಾ, ನಾನೇ ಹೀರೋ. ಮನೆಗೆ ಬಂದು ಆ ಪ್ರಯಾಣದ ಮೇಲೆ ಒಂದು ಕಥೆ ಬರೆದೆ. ಅದರಲ್ಲಿ ಮಳೆ ಇತ್ತು, ಮಂಜಿತ್ತು, ವಿಷಾದ ಇತ್ತು. ಹೆಂಗಸು ಇರಲಿಲ್ಲ.

ಒಂದು ವಾರಪತ್ರಿಕೆಯ ಸಂಪಾದಕರು ಅದನ್ನು ಅಚ್ಚು ಹಾಕಿ, ‘ನಿಮ್ಮ ಗದ್ಯದಲ್ಲಿ ಸಂಗೀತ ಇದೆ’ ಅಂತ ಕಾರ್ಡು ಬರೆದರು. ಆ ಮನುಷ್ಯನ ಮೇಲೆ ನನಗೆ ಇವತ್ತಿಗೂ ಸಿಟ್ಟು. ಆ ಒಂದು ಕಾರ್ಡು ನಂಬಿಕೊಂಡು ಹತ್ತು ವರ್ಷ ಸಂಗೀತ ಹಾಕಿದೆ. ನಿನಗೆ ಕಥೆ ವಾಪಸ್ ಬಂತು. ಅದೃಷ್ಟವಂತ.

ನಮ್ಮ ಕಡೆ ಹಿನ್ನೆಲೆ ಸಂಗೀತ ಸಿನಿಮಾದವರು ಕಲಿಸಿದ್ದಲ್ಲ. ರಾತ್ರಿಯಿಡೀ ಯಕ್ಷಗಾನ ನೋಡಿ ಬೆಳೆದವರು ನಾವು. ವೇಷ ರಂಗಕ್ಕೆ ಬರುವಾಗ ಚೆಂಡೆ ಎದೆಯೊಳಗೇ ಬಡಿದಂತೆ ಇರುತ್ತದೆ. ನಿಮ್ಮ ಮಾಸ್ ಎಂಟ್ರಿಗೆ ಅದೇ ಅಜ್ಜ. ಆದರೆ ಗಮನಿಸಿದ್ದೀಯಾ? ಕರುಣರಸದ ಪದಕ್ಕೆ ಚೆಂಡೆಯವರು ಕೋಲು ಎತ್ತುವುದಿಲ್ಲ, ಮದ್ದಲೆ ಒಂದೇ. ಪದ ಮುಗಿದು ವೇಷಧಾರಿ ಅರ್ಥ, ಅಂದರೆ ತನ್ನ ಮಾತು, ಹೇಳಲು ಶುರು ಮಾಡಿದ ಮೇಲೆ ಮದ್ದಲೆಯೂ ಸುಮ್ಮನಾಗುತ್ತದೆ. ಪದ ಹಾಡುವ ಭಾಗವತರು ತಾಳ ಕೆಳಗಿಟ್ಟು ಕೇಳುತ್ತಾ ಕೂರುತ್ತಾರೆ. ಅಷ್ಟು ಗಲಾಟೆ ಮಾಡಿದ ಹಿಮ್ಮೇಳ, ಮನುಷ್ಯ ಬಾಯಿ ತೆರೆದ ಕೂಡಲೇ ಜಾಗ ಬಿಡುತ್ತದೆ. ನೀನು ಅಮ್ಮ ಬಾಯಿ ತೆರೆದ ಕೂಡಲೇ ವಯೊಲಿನ್ ಶುರು ಮಾಡುತ್ತೀಯ.

ಹಾಗಾದರೆ ಸತ್ಯಜಿತ್ ರೇ? ಅಂತ ನೀನು ಕೇಳಬಹುದು. ಅವರ 1955ರ ಸಿನಿಮಾ ‘ಪಥೇರ್ ಪಾಂಚಾಲಿ’ಯಲ್ಲಿ ಊರಿಗೆ ವಾಪಸ್ ಬಂದ ಹರಿಹರ ಮಗಳಿಗೆಂದು ತಂದ ಸೀರೆ ತೋರಿಸುತ್ತಾನೆ. ಮಗಳು ತೀರಿಕೊಂಡದ್ದು ಅವನಿಗಿನ್ನೂ ಗೊತ್ತಿಲ್ಲ. ಹೆಂಡತಿ ಸರ್ಬಜಯಾ ಬಿಕ್ಕಿ ಅಳುತ್ತಾಳೆ, ಅವಳ ದನಿಯೇ ಕೇಳುವುದಿಲ್ಲ. ಅದರ ಜಾಗದಲ್ಲಿ ತಾರ್ ಶಹನಾಯಿ ಅನ್ನುವ ತಂತಿವಾದ್ಯ ಕಿರುಚುತ್ತದೆ, ಸಂಗೀತ ರವಿಶಂಕರ್ ಅವರದು. ಒಪ್ಪಿದೆ. ಆದರೆ ತಾನು ಯಾವ ಅಳುವನ್ನು ತೆಗೆದು ಹಾಕುತ್ತಿದ್ದೇನೆ ಅನ್ನುವುದು ರೇಗೆ ಗೊತ್ತಿತ್ತು. ನಿನ್ನ ಅಮ್ಮ ಹೇಗೆ ಅತ್ತಳು? ಬರೆದಿಲ್ಲ. ಕೇಳಿಸಿಕೊಂಡಿದ್ದೀಯಾ ಅನ್ನುವುದೇ ನನ್ನ ಅನುಮಾನ.

ಇದನ್ನು ದೊಡ್ಡವನಾಗಿ ಹೇಳುತ್ತಿಲ್ಲ. ತಂಗಿಯ ಮದುವೆಯಲ್ಲಿ ನಾನು ಮಂಟಪದ ಪಕ್ಕದಲ್ಲೇ ನಿಂತಿದ್ದೆ. ಪುರೋಹಿತರು ಕೈ ಎತ್ತಿ ‘ಗಟ್ಟಿಮೇಳ, ಗಟ್ಟಿಮೇಳ’ ಅಂದರು. ಡೋಲು, ನಾಗಸ್ವರ ಒಟ್ಟಿಗೆ ಎದ್ದವು. ಅದು ಇರುವುದೇ ತಾಳಿ ಕಟ್ಟುವ ಹೊತ್ತಿಗೆ ಸೀನು, ಅಳು, ಅಪಶಕುನದ ಮಾತು ಯಾರ ಕಿವಿಗೂ ಬೀಳದಿರಲಿ ಅಂತ. ಆ ಗದ್ದಲದಲ್ಲಿ ತಂಗಿ ನನ್ನ ಕಡೆ ತಿರುಗಿ ಏನೋ ಹೇಳಿದಳು. ಮೂರೋ ನಾಲ್ಕೋ ಶಬ್ದ. ನನಗೆ ಕೇಳಲಿಲ್ಲ. ಕೇಳಿದವನ ಹಾಗೆ ತಲೆ ಆಡಿಸಿದೆ.

ಆಮೇಲೆ ಅವಳ ಹತ್ತಿರ ಕೇಳಲಿಲ್ಲ. ಕಥೆ ಬರೆದೆ. ಅವಳ ಬಾಯಿಗೆ ನಾನೇ ಒಂದು ಮಾತು ಹಾಕಿದೆ, ‘ಅಣ್ಣ, ನನ್ನನ್ನು ಕಳಿಸಬೇಡ’ ಅಂತ. ಓದಿದವರೆಲ್ಲ ಕಣ್ಣು ಒರೆಸಿಕೊಂಡರಂತೆ. ನನ್ನ ಹೆಸರು ಹೇಳಿದರೆ ಈಗಲೂ ಜನ ಆ ಕಥೆಯನ್ನೇ ನೆನೆಯುತ್ತಾರೆ. ಹೋದ ವರ್ಷ, ಇಬ್ಬರಿಗೂ ಮಂಡಿನೋವು ಶುರುವಾದ ಮೇಲೆ, ಅವಳನ್ನು ಕೇಳಿದೆ. ಸ್ವಲ್ಪ ಹೊತ್ತು ಯೋಚನೆ ಮಾಡಿ ಅಂದಳು: ‘ಹಾರದ ನಾರು ಕುತ್ತಿಗೆಗೆ ಚುಚ್ತಾ ಇತ್ತು, ಸರಿ ಮಾಡು ಅಂದಿದ್ದೆ. ನೀನು ಮಾಡ್ಲೇ ಇಲ್ಲ.’

ನಿನ್ನ ಕಥೆಯನ್ನು ಇದರ ಜೊತೆ ವಾಪಸ್ ಕಳಿಸುತ್ತಿದ್ದೇನೆ. ಪೆನ್ಸಿಲಿನಲ್ಲಿ ಜಾಸ್ತಿ ಗೀಚಿದ್ದೇನೆ, ಕ್ಷಮಿಸು. ಎಂಟನೇ ಪುಟದ ಕೊನೆಯ ಮೂರು ಸಾಲು ಮಾತ್ರ ಮುಟ್ಟಿಲ್ಲ. ಆಸ್ಪತ್ರೆಯ ಬೆಂಚಿನ ಮೇಲೆ ಅಮ್ಮ ಟಿಫಿನ್ ಕ್ಯಾರಿಯರಿನ ಕ್ಲಿಪ್ಪು ಹಾಕುತ್ತಾಳೆ. ಟಕ್ ಅನ್ನುತ್ತದೆ, ಕೂರುವುದಿಲ್ಲ. ಮತ್ತೆ ಹಾಕುತ್ತಾಳೆ. ಮತ್ತೆ ಟಕ್. ಒಳಗೆ ಅಪ್ಪ ಮುಟ್ಟದ ಅನ್ನ ಹಾಗೇ ಇದೆ. ನನಗೆ ಎಷ್ಟು ಖುಷಿಯಾಯಿತು ಅಂದರೆ ಎದ್ದು ಹೋಗಿ ನಮ್ಮನೆ ಕ್ಯಾರಿಯರ್ ತೆಗೆದು ಎರಡು ಸಲ ಹಾಕಿ ನೋಡಿದೆ. ಹೆಂಡತಿ ಏನಾಯ್ತು ನಿಮಗೆ ಅಂದಳು. ವಾಪಸ್ ಬಂದು ಪುಟ ತಿರುಗಿಸಿದರೆ ಮತ್ತೆ ಆ ದರಿದ್ರ ವಯೊಲಿನ್.

ಆ ಕ್ಲಿಪ್ಪು ಕೊನೆಗೆ ಕೂತಿತಾ ಇಲ್ವಾ? ಅಮ್ಮನನ್ನು ಕೇಳಿ ಬರೆ.

ನಿನ್ನ,
ಹಳೆಯ ವಾಕ್‌ಮನ್